ಮೈನಸ್ ಬಂದ ಸಾಲುಗಳು: ವಿರಿಯಲ್ ಗುಣಾಂಕದ ಕಥೆ

ಹೋದ ಭಾನುವಾರದ ವಿಡಿಯೋ ಸ್ವಲ್ಪ ಉದ್ದ ಆಯ್ತು, ಆಫೀಸ್ ಕ್ಯಾಬಲ್ಲಿ ಕೂತು ಓದೋ ಹಾಗೆ ಬರೆದು ಹಾಕಿ ಅಂತ ಸುಮಾರು ಜನ ಕೇಳಿದ್ರಿ. ಅದರ ಬರಹ ರೂಪ ಇದು. ಬೋರ್ಡ್ ಮೇಲೆ ಬರೆದಿದ್ದ ಸೂತ್ರಗಳನ್ನ ಇಲ್ಲಿ ಮಾತಲ್ಲೇ ಹೇಳ್ತೀನಿ. ಮೊದಲೇ ಒಂದು ತಿದ್ದುಪಡಿ: ಆಟೋ ಸಬ್‌ಟೈಟಲ್ ಉದ್ದಕ್ಕೂ 'ವೈರಲ್' ಅಂತ ತೋರಿಸಿದೆ. ಅದು ವೈರಲ್ ಅಲ್ಲ, ವಿರಿಯಲ್. ವೈರಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಲ್ಯಾಟಿನ್‌ನಲ್ಲಿ 'ವಿಸ್' ಅಂದ್ರೆ ಬಲ. ಜರ್ಮನಿಯ ಕ್ಲಾಸಿಯಸ್ 1870ರಲ್ಲಿ ಆ ಪದದಿಂದ ಈ ಹೆಸರು ಹುಟ್ಟಿಸಿದ.

ನಾನು ಈ ವಿಷಯಕ್ಕೆ ಬಂದಿದ್ದು ಕುತೂಹಲದಿಂದ ಅಲ್ಲ, ಒಂದು ತಪ್ಪಿನಿಂದ. ಹೈದರಾಬಾದಿಗೆ ಬಂದು ನನಗೆ ಒಂಬತ್ತು ವರ್ಷ, ಡೇಟಾ ಎಂಜಿನಿಯರಿಂಗ್ ಕೆಲಸ. ಮೂರು ವರ್ಷದ ಹಿಂದೆ ನಮ್ಮ ಟೀಮಿಗೆ ಒಂದು ಔಷಧ ಕಂಪನಿಯ ಪ್ರಾಜೆಕ್ಟ್ ಬಂತು. ಅವರು ಆಂಟಿಬಾಡಿ ಔಷಧ ಮಾಡೋರು, ಅಂದ್ರೆ ಪ್ರೋಟೀನ್ ಇಂಜೆಕ್ಷನ್. ಲ್ಯಾಬಿನ ಉಪಕರಣಗಳು ಕಕ್ಕೋ ಫೈಲುಗಳನ್ನ ಓದಿ, ಕಸ ತೆಗೆದು, ಡೇಟಾಬೇಸಿಗೆ ತುಂಬೋದು ನಮ್ಮ ಪಾಲಿನ ಕೆಲಸ. ಅದರಲ್ಲಿ ಬಿ22 ಅಂತ ಒಂದು ಕಾಲಮ್. ಬಹಳ ಸಣ್ಣ ಅಂಕಿಗಳು: 0.00014, 0.00021, ಹೀಗೆ. ಮಧ್ಯೆ ಮಧ್ಯೆ ಮೈನಸ್ 0.00032 ಅಂತಾನೂ ಬರ್ತಿತ್ತು. ಪಕ್ಕದ ಕಾಲಮ್ಮುಗಳೆಲ್ಲ ಸಾಂದ್ರತೆ, ತೂಕ, ತಾಪಮಾನ. ಯಾವುದೂ ಮೈನಸ್ ಆಗೋ ಜಾತಿ ಅಲ್ಲ. ಇದೂ ಹಾಗೇ ಇರಬೇಕು, ಮೈನಸ್ ಬಂದ್ರೆ ಉಪಕರಣದ ಎಡವಟ್ಟು ಅಂದ್ಕೊಂಡು ಒಂದು ಸಾಲಿನ ರೂಲ್ ಬರೆದೆ: ಸೊನ್ನೆಗಿಂತ ಕಮ್ಮಿ ಇದ್ರೆ ರಿಜೆಕ್ಟ್ ಟೇಬಲ್ಲಿಗೆ ಹಾಕು. ಕೋಡ್ ರಿವ್ಯೂನಲ್ಲಿ ಯಾರೂ ಏನೂ ಕೇಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಆ ಲ್ಯಾಬಿನ ಹಿರಿಯ ವಿಜ್ಞಾನಿಯೊಬ್ಬರು ಕಾಲ್‌ಗೆ ಬಂದ್ರು. ನನ್ನ ಇಂಗ್ಲಿಷ್ ಕೇಳಿ ಎರಡೇ ನಿಮಿಷಕ್ಕೆ "ನೀವು ಕನ್ನಡದವರಾ?" ಅಂದ್ರು, ಅವರು ಮೈಸೂರಿನವರು. ಆಮೇಲೆ ಕೇಳಿದ್ದು ಇದು: "ನಾಲ್ಕು ತಿಂಗಳಿಂದ ನಮ್ಮ ಲ್ಯಾಬಲ್ಲಿ ಒಂದೇ ಒಂದು ಕೆಟ್ಟ ಮಿಶ್ರಣಾನೂ ಆಗಿಲ್ಲ ಅಂತ ನಿಮ್ಮ ಡ್ಯಾಶ್‌ಬೋರ್ಡ್ ಹೇಳ್ತಿದೆ. ನಾವು ಅಷ್ಟು ಬುದ್ಧಿವಂತರಲ್ಲ. ಮೈನಸ್ ಬಂದಿದ್ದೆಲ್ಲ ಎಲ್ಲಿ ಹೋಯ್ತು?"

ಮೈನಸ್ ಅಂದ್ರೆ ಏನು ಅಂತ ಅವತ್ತು ಅವರು ಹೇಳಿದ್ದು ಒಂದೇ ವಾಕ್ಯದಲ್ಲಿ: ಪ್ರೋಟೀನ್ ಅಣುಗಳು ಒಂದನ್ನೊಂದು ಎಳೀತಿವೆ, ಮುಂದೆ ಗಂಟು ಕಟ್ಟಬಹುದು. ಪ್ಲಸ್ ಅಂದ್ರೆ ದೂರ ತಳ್ತಿವೆ. ನಾನು ಎಚ್ಚರಿಕೆಯ ಗಂಟೆಗಳನ್ನೇ ಹುಡುಕಿ ಹುಡುಕಿ ಬಿಚ್ಚಿ ಇಟ್ಟಿದ್ದೆ.

ಅವತ್ತು ರಾತ್ರಿ ಶುರು ಮಾಡಿದ ಓದು ಇದು. ಓದ್ತಾ ಹೋದ್ರೆ ಗೊತ್ತಾಯ್ತು, ಈ ಅಂಕಿಯ ಇಡೀ ಇತಿಹಾಸವೇ ಹೀಗೆ, ಯಾರೋ ದೋಷ ಅಂತ ಪಕ್ಕಕ್ಕೆ ತಳ್ಳಿದ್ದನ್ನ ಇನ್ಯಾರೋ ಎತ್ತಿ ನೋಡಿದ ಕಥೆ.

ಶಾಲೆಯಲ್ಲಿ ಓದಿದ್ದು ನೆನಪಿರಬೇಕು. ಅನಿಲವನ್ನು ಅರ್ಧ ಗಾತ್ರಕ್ಕೆ ಒತ್ತಿದ್ರೆ ಒತ್ತಡ ಎರಡರಷ್ಟು. 1662ರ ಬಾಯ್ಲ್ ನಿಯಮ. ಪರೀಕ್ಷೆಗೆ ಅಷ್ಟು ಸಾಕು, ಪ್ರಕೃತಿಗೆ ಸಾಲದು. 1840ರ ದಶಕದಲ್ಲಿ ಫ್ರಾನ್ಸಿನ ರೆನ್ಯೋ ಅನ್ನೋ ವಿಜ್ಞಾನಿ ಇದನ್ನ ಪಟ್ಟು ಹಿಡಿದು ಅಳೆದ. ಕೆಲಸ ಕೊಟ್ಟಿದ್ದು ಸರ್ಕಾರ, ಉದ್ದೇಶ ಉಗಿಯಂತ್ರದ ಲೆಕ್ಕಾಚಾರಕ್ಕೆ ನಂಬಿಕೆಯ ಅಂಕಿ ಒದಗಿಸೋದು. ಅಳೆದ ಯಾವ ಅನಿಲವೂ ನಿಯಮವನ್ನ ಪೂರ್ತಿ ಪಾಲಿಸಲಿಲ್ಲ. ಗಾಳಿ, ಇಂಗಾಲದ ಡೈಆಕ್ಸೈಡ್ ಇವೆಲ್ಲ ನಿಯಮ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿ ಕುಗ್ಗಿದವು. ಹೈಡ್ರೋಜನ್ ಮಾತ್ರ ಉಲ್ಟಾ, ಕಮ್ಮಿ ಕುಗ್ಗಿತು.

ಎಷ್ಟು ಸಣ್ಣ ವ್ಯತ್ಯಾಸ ಅಂತೀರಾ? ಇವತ್ತಿನ ಅಂಕಿಯಲ್ಲಿ ಹೇಳೋದಾದ್ರೆ, 25 ಡಿಗ್ರಿಯಲ್ಲಿ, ನಾವು ಉಸಿರಾಡೋ ಒತ್ತಡದಲ್ಲಿ, ನೈಟ್ರೋಜನ್ ನಿಯಮದಿಂದ ತಪ್ಪೋದು ಹತ್ತು ಸಾವಿರಕ್ಕೆ ಎರಡರಷ್ಟು. ಇಂಗಾಲದ ಡೈಆಕ್ಸೈಡ್ ನೂರಕ್ಕೆ ಅರ್ಧ. ನಮ್ಮ ಕೆಲಸದಲ್ಲಿ ಇಂಥದ್ದನ್ನ ರೌಂಡಿಂಗ್ ಎರರ್ ಅಂತ ಬಿಟ್ಟುಬಿಡ್ತೀವಿ. ರೆನ್ಯೋ ಬಿಡದೆ ಬರೆದಿಟ್ಟ, ಆದ್ರೆ ಯಾಕೆ ಹಾಗೆ ಅನ್ನೋದಕ್ಕೆ ಉತ್ತರ ಬರೋಕೆ ಮತ್ತೆ ಕಾಲು ಶತಮಾನ ಬೇಕಾಯ್ತು.

ಉತ್ತರ ಕೊಟ್ಟೋನು ಒಬ್ಬ ಸ್ಕೂಲ್ ಮೇಷ್ಟ್ರು. ಯೊಹಾನೆಸ್ ವಾನ್ ಡರ್ ವಾಲ್ಸ್, ಹಾಲೆಂಡಿನ ಲೈಡನ್ ಊರಿನ ಬಡಗಿಯ ಮಗ, ಹತ್ತು ಮಕ್ಕಳಲ್ಲಿ ಹಿರಿಯ. ಲ್ಯಾಟಿನ್, ಗ್ರೀಕ್ ಓದಿರಲಿಲ್ಲ ಅನ್ನೋ ಕಾರಣಕ್ಕೆ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯೋ ಹಾಗೇ ಇರಲಿಲ್ಲ. ನಿಯಮ ಸಡಿಲ ಆದ ಮೇಲೆ, 1873ರಲ್ಲಿ, ಮೂವತ್ತಾರರ ವಯಸ್ಸಿನ ಹತ್ತಿರ ಪಿಎಚ್‌ಡಿ ಪ್ರಬಂಧ ಕೊಟ್ಟ. ಬರೆದಿದ್ದು ಡಚ್ ಭಾಷೆಯಲ್ಲಿ. ಬ್ರಿಟನ್ನಿನ ಮ್ಯಾಕ್ಸ್‌ವೆಲ್ 1875ರ ಉಪನ್ಯಾಸದಲ್ಲಿ ಈ ಪ್ರಬಂಧವನ್ನ ಹೊಗಳಿ, ಇದರಿಂದಾಗಿ ಒಬ್ಬಿಬ್ಬರಲ್ಲ, ಹಲವರು ಡಚ್ ಕಲಿಯೋಕೆ ಹೊರಟಿದ್ದಾರೆ ಅನ್ನೋ ಅರ್ಥದ ಮಾತು ಹೇಳಿದ. ಈ ವಾಕ್ಯ ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಯಾಕೆ ಅಂತ ಈ ಚಾನೆಲ್ ನೋಡೋರಿಗೆ ಹೇಳಬೇಕಿಲ್ಲ.

ಮೇಷ್ಟ್ರು ಹೇಳಿದ್ದು ಎರಡೇ ಮಾತು. ಒಂದು, ಅಣುಗಳು ಚುಕ್ಕಿಗಳಲ್ಲ, ಅವಕ್ಕೂ ಮೈ ಇದೆ, ಜಾಗ ಹಿಡೀತವೆ. ಎರಡು, ಅವು ಒಂದನ್ನೊಂದು ಎಳೀತವೆ. ಮೈ ಇರೋದ್ರಿಂದ ಒತ್ತಡ ಲೆಕ್ಕಕ್ಕಿಂತ ಜಾಸ್ತಿ ಆಗುತ್ತೆ, ಸೆಳೆತದಿಂದ ಕಮ್ಮಿ ಆಗುತ್ತೆ. ಯಾವುದು ಗೆಲ್ಲುತ್ತೆ ಅನ್ನೋದನ್ನ ತಾಪಮಾನ ತೀರ್ಮಾನ ಮಾಡುತ್ತೆ. ಬಿಸಿಯಲ್ಲಿ ಅಣುಗಳು ಎಷ್ಟು ಜೋರಾಗಿ ಓಡ್ತವೆ ಅಂದ್ರೆ ಸೆಳೆತಕ್ಕೆ ಸಿಗೋದಿಲ್ಲ, ತಂಪಲ್ಲಿ ಸಿಗ್ತವೆ. ರೆನ್ಯೋನ ಹೈಡ್ರೋಜನ್ ಒಗಟು ಇಲ್ಲೇ ಬಿಡಿಸಿಕೊಳ್ತು. ಹೈಡ್ರೋಜನ್ ಅಣುಗಳ ಸೆಳೆತ ಬಹಳ ದುರ್ಬಲ, ನಮ್ಮ ಕೋಣೆಯ ತಾಪಮಾನವೇ ಅದಕ್ಕೆ ವಿಪರೀತ ಬಿಸಿ.

ಆದ್ರೆ ಅವನ ಸಮೀಕರಣ ಸುಂದರವಾಗಿತ್ತೇ ಹೊರತು ಅಳತೆಗೆ ಪೂರ್ತಿ ಕೂಡ್ತಿರಲಿಲ್ಲ. ಈಗ ಬರ್ತಾನೆ ನಮ್ಮ ಕಥೆಯ ಮುಖ್ಯ ಮನುಷ್ಯ, ಹೈಕೆ ಕಾಮರ್ಲಿಂಗ್ ಓನ್ನೆಸ್. 1882ರಲ್ಲಿ, ಇಪ್ಪತ್ತೊಂಬತ್ತನೇ ವಯಸ್ಸಿಗೆ ಲೈಡನ್‌ನಲ್ಲಿ ಪ್ರೊಫೆಸರ್ ಆದ. ವಾನ್ ಡರ್ ವಾಲ್ಸ್‌ಗೆ ಆಪ್ತ. ಅಳತೆಯಿಂದಲೇ ಅರಿವು ಅನ್ನೋದು ಅವನ ಪ್ರಯೋಗಾಲಯದ ಘೋಷವಾಕ್ಯ. ಗಾಜು ಊದೋ, ಲೋಹ ಕಡೆಯೋ ಹುಡುಗರಿಗೆ ಅಲ್ಲೇ ಒಂದು ತರಬೇತಿ ಶಾಲೆ ನಡೆಸಿದ. ನನಗೆ ಈ ಮನುಷ್ಯ ಇಷ್ಟವಾಗೋದು ಇದಕ್ಕೇ. ಸಿದ್ಧಾಂತಿ ಸಿಗದಿದ್ದರೂ ನಡೆಯುತ್ತೆ, ಒಳ್ಳೆ ಫಿಟ್ಟರ್ ಇಲ್ಲದಿದ್ರೆ ಇಲ್ಲ ಅಂತ ಅವನಿಗೆ ಗೊತ್ತಿತ್ತು.

1901ರಲ್ಲಿ ಓನ್ನೆಸ್ ಮಾಡಿದ್ದನ್ನ ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಸುಂದರ ಮಾಡೆಲ್ ಹುಡುಕೋದನ್ನ ಪಕ್ಕಕ್ಕಿಟ್ಟು ಡೇಟಾಗೆ ಕರ್ವ್ ಫಿಟ್ ಮಾಡಿದ. ಬಾಯ್ಲ್ ನಿಯಮವನ್ನ ಮೊದಲ ಪದ ಅಂತ ಇಟ್ಕೊಂಡ. ಅದಕ್ಕೆ ಸಾಂದ್ರತೆಯ ಒಂದು ತಿದ್ದುಪಡಿ ಸೇರಿಸು, ಸಾಲದಾ, ಸಾಂದ್ರತೆಯ ವರ್ಗದ ಇನ್ನೊಂದು ತಿದ್ದುಪಡಿ, ಹೀಗೆ ಸರಣಿ. ಪ್ರತಿ ತಿದ್ದುಪಡಿಯ ಮುಂದೆ ಒಂದು ಗುಣಾಂಕ: ಬಿ, ಸಿ, ಡಿ ಅಂತ. ಕ್ಲಾಸಿಯಸ್‌ನ ಹಳೇ ಪದ ಎತ್ತಿಕೊಂಡು ಇವಕ್ಕೆ ವಿರಿಯಲ್ ಗುಣಾಂಕ ಅಂತ ಹೆಸರಿಟ್ಟ. ಒಂದೊಂದು ಗುಣಾಂಕವೂ ತಾಪಮಾನದ ಜೊತೆ ಬದಲಾಗೋದನ್ನ ಹಿಡಿಯೋಕೆ ಐದೈದು ಸಂಖ್ಯೆ, ಒಟ್ಟು 25. ನೋಡೋಕೆ ಚೆನ್ನಾಗಿಲ್ಲ, ಒಪ್ತೀನಿ. ಆದ್ರೆ ಕೆಲಸ ಮಾಡ್ತಿತ್ತು.

ಎಷ್ಟು ಕೆಲಸ ಮಾಡ್ತಿತ್ತು ಅಂದ್ರೆ, ಆಗ ಪ್ರಪಂಚದಲ್ಲಿ ದ್ರವವಾಗದೆ ಉಳಿದಿದ್ದ ಅನಿಲ ಹೀಲಿಯಂ ಒಂದೇ. ಅದನ್ನ ದ್ರವ ಮಾಡೋಕೆ ಎಷ್ಟು ತಂಪು ಬೇಕು ಅಂತಾನೇ ಗೊತ್ತಿರಲಿಲ್ಲ, ಆಗದೇ ಇರೋ ಕೆಲಸಕ್ಕೆ ವರ್ಷಗಟ್ಟಲೆ ಕಾಸು ಸುರಿದರೆ? ಓನ್ನೆಸ್ ಮೊದಲು ಹೀಲಿಯಂ ನಿಯಮದಿಂದ ಎಷ್ಟು ತಪ್ಪುತ್ತೆ ಅಂತ ಬೇರೆ ಬೇರೆ ತಾಪಮಾನದಲ್ಲಿ ಅಳೆದ. ಅನಿಲವಾಗಿ ಇರುವಾಗಲೇ ಅದರ ಸಣ್ಣ ತಪ್ಪುಗಳನ್ನ ನೋಡಿ, ದ್ರವ ಆಗೋದು 5 ಕೆಲ್ವಿನ್ ಆಸುಪಾಸಲ್ಲಿ ಅಂತ ಅಂದಾಜು ಮಾಡಿದ. ಆ ಅಂದಾಜಿನ ಮೇಲೆ ಯಂತ್ರ ಕಟ್ಟಿದ. 1908ರ ಜುಲೈ 10ರಂದು, ಮೊನಝೈಟ್ ಮರಳಿನಿಂದ ತೆಗೆದ ಹೀಲಿಯಂ ಅನಿಲದಿಂದ ಸುಮಾರು 60 ಮಿಲಿಲೀಟರ್ ದ್ರವ ಸಿಕ್ಕಿತು. ಒಂದು ಸಣ್ಣ ಲೋಟ ಕಾಫಿಯಷ್ಟು. ಇವತ್ತು ಗೊತ್ತಿರೋ ಸಂಧಿ ತಾಪಮಾನ 5.2 ಕೆಲ್ವಿನ್. ಅವನ ಅಂದಾಜು ಎಷ್ಟು ಹತ್ತಿರ ನೋಡಿ.

ಈಗ ಬಿ ಅನ್ನೋದು ಕರ್ವ್ ಫಿಟ್ಟಿಂಗ್‌ನ ಒಂದು ಅಂಕಿ ಮಾತ್ರನಾ, ಒಳಗೆ ಏನಾದ್ರೂ ಅರ್ಥ ಇದೆಯಾ? ಇದೆ, ವಿಡಿಯೋದಲ್ಲಿ ಇದಕ್ಕೇ ಹೆಚ್ಚು ಹೊತ್ತು ತಗೊಂಡಿದ್ದು. ದೀಪಾವಳಿ ಹಿಂದಿನ ರಾತ್ರಿ ಸಿಕಂದರಾಬಾದ್ ಪ್ಲಾಟ್‌ಫಾರ್ಮ್ ನೆನಪು ಮಾಡ್ಕೊಳ್ಳಿ. ಜನ ಸಿಕ್ಕ ಸಿಕ್ಕ ಹಾಗೆ ನಿಂತಿದ್ದಾರೆ. ಯಾರಾದ್ರೂ ಒಬ್ಬರನ್ನ ಆರಿಸ್ಕೊಳ್ಳಿ. ಅವರಿಂದ ಒಂದು ಹೆಜ್ಜೆ ದೂರದಲ್ಲಿ, ಎರಡು ಹೆಜ್ಜೆ ದೂರದಲ್ಲಿ, ಹೀಗೆ ಎಣಿಸ್ತಾ ಹೋಗಿ. ಯಾರಿಗೂ ಯಾರ ಗೊಡವೆ ಇಲ್ಲದಿದ್ರೆ ಇಷ್ಟು ಜನ ಇರಬೇಕಿತ್ತು, ನಿಜವಾಗಿ ಎಷ್ಟಿದ್ದಾರೆ? ಮೈಗೆ ಮೈ ತಾಗಿ ಒಂದೇ ಜಾಗದಲ್ಲಿ ಇಬ್ಬರು ನಿಲ್ಲೋಕಾಗಲ್ಲ, ಹಾಗಾಗಿ ತೀರಾ ಹತ್ತಿರ ಕೊರತೆ. ಆದ್ರೆ ಒಬ್ಬರು ಫೋನಲ್ಲಿ "ಹ್ಞೂಂ ರೀ, ಹುಬ್ಬಳ್ಳಿಗೇ ಹೊಂಟೇನಿ" ಅಂದ್ರೋ, ಎರಡು ಹೆಜ್ಜೆ ಆಚೆ ಇದ್ದ ಇನ್ನಿಬ್ಬರು ಹತ್ತಿರ ಸರೀತಾರೆ, ಅಲ್ಲಿ ಹೆಚ್ಚಳ. ಎಲ್ಲಾ ದೂರದ ಹೆಚ್ಚಳ ಕೊರತೆ ಕೂಡಿಸಿ, ಅರ್ಧ ಮಾಡಿ, ಚಿಹ್ನೆ ಉಲ್ಟಾ ಮಾಡಿ. ಅದೇ ಬಿ. ಒಟ್ಟು ಕೊರತೆ ಆದ್ರೆ ಪ್ಲಸ್, ಒಟ್ಟು ಹೆಚ್ಚಳ ಆದ್ರೆ ಮೈನಸ್. ಸೆಳೆತವೇ ಇಲ್ಲದ ಗಟ್ಟಿ ಗೋಲಿಗಳಾದ್ರೆ ಬಿ ಒಂದು ಗೋಲಿಯ ಗಾತ್ರದ ಸರಿಯಾಗಿ ನಾಲ್ಕರಷ್ಟು, ವಾನ್ ಡರ್ ವಾಲ್ಸ್ ಮೇಷ್ಟ್ರು ಹೇಳಿದ ಹಾಗೇ.

25 ಡಿಗ್ರಿಯಲ್ಲಿ, ಒಂದು ಮೋಲ್‌ಗೆ ಘನ ಸೆಂಟಿಮೀಟರ್ ಲೆಕ್ಕದಲ್ಲಿ ಹೀಲಿಯಂಗೆ ಬಿ ಸುಮಾರು ಪ್ಲಸ್ 12, ನೈಟ್ರೋಜನ್‌ಗೆ ಸುಮಾರು ಮೈನಸ್ 4.5, ಇಂಗಾಲದ ಡೈಆಕ್ಸೈಡ್‌ಗೆ ಮೈನಸ್ 120ರ ಮೇಲೆ. ಹೆಸರು ಮುಚ್ಚಿ ಅಂಕಿ ತೋರಿಸಿದ್ರೂ ಯಾವುದು ಬೇಗ ದ್ರವ ಆಗುತ್ತೆ ಅಂತ ಹೇಳಬಹುದು.

ಹಾಗಾದ್ರೆ ಹಿಂದುಮುಂದಾಗಿಯೂ ಹೋಗಬಹುದಲ್ವಾ? ಅಂದ್ರೆ ಅಳೆದ ಬಿ ಇಟ್ಕೊಂಡು, ಕಣ್ಣಿಗೆ ಕಾಣದ ಎರಡು ಅಣುಗಳ ನಡುವಿನ ಬಲ ಕಂಡುಹಿಡಿಯೋದು. 1924ರಲ್ಲಿ ಕೇಂಬ್ರಿಜ್‌ನಲ್ಲಿ ಜಾನ್ ಎಡ್ವರ್ಡ್ ಜೋನ್ಸ್ ಅನ್ನೋ ಯುವಕ ಆರ್ಗಾನ್ ಅನಿಲದ ಅಂಕಿಗಳಿಂದ ಇದನ್ನೇ ಮಾಡಿದ. ಮರುವರ್ಷ ಕ್ಯಾಥ್ಲೀನ್ ಲೆನ್ನಾರ್ಡ್‌ಳನ್ನ ಮದುವೆಯಾಗಿ ಅವಳ ಮನೆ ಹೆಸರು ಸೇರಿಸಿಕೊಂಡು ಲೆನ್ನಾರ್ಡ್-ಜೋನ್ಸ್ ಆದ. ಸಿಮ್ಯುಲೇಶನ್ ಕೋಡ್ ಮುಟ್ಟಿದವರಿಗೆಲ್ಲ ಆ ಹೆಸರು ಗೊತ್ತು. 1964ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ (ಅನಿಲದ ಹೆಸರಿಗೂ ಊರಿನ ಹೆಸರಿಗೂ ಸಂಬಂಧ ಇಲ್ಲ, ಕಾಕತಾಳೀಯ) ಅನೀಸುರ್ ರಹಮಾನ್ ಅನ್ನೋರು ಆ ಬಲವನ್ನೇ ಹಾಕಿ, 864 ಆರ್ಗಾನ್ ಪರಮಾಣುಗಳನ್ನ ಕಂಪ್ಯೂಟರಿನಲ್ಲಿ ಓಡಾಡಿಸಿ ದ್ರವವೊಂದನ್ನ ಕಟ್ಟಿದ್ರು. ಮಾಲಿಕ್ಯುಲರ್ ಡೈನಮಿಕ್ಸ್ ಅನ್ನೋ ಇವತ್ತಿನ ದೊಡ್ಡ ಮರಕ್ಕೆ ಅದು ಬೇರು. ರಹಮಾನ್ ಹುಟ್ಟಿದ್ದು ಎಲ್ಲಿ ಗೊತ್ತಾ? ಇದೇ ಹೈದರಾಬಾದ್, 1927. ಉಸ್ಮಾನಿಯಾದಲ್ಲಿ ಪಾಠ ಮಾಡಿದ್ದೋರು. ನಾನು ಎಷ್ಟು ವರ್ಷ ಆ ಕ್ಯಾಂಪಸ್ ಮುಂದೆ ಬೈಕಲ್ಲಿ ಹೋಗಿದ್ದೀನಿ, ಒಬ್ಬರೂ ಹೇಳಲಿಲ್ಲ.

ಇಲ್ಲಿವರೆಗೂ ಅನಿಲ. ಪ್ರೋಟೀನ್ ದ್ರಾವಣಕ್ಕೆ ಹೇಗೆ ಬಂತು? ದಾರಿ ಹಾಕಿದ್ದು ಇನ್ನೊಬ್ಬ ಡಚ್ಚ, ವಾನ್ಟ್ ಹಾಫ್, ರಸಾಯನಶಾಸ್ತ್ರದ ಮೊದಲ ನೊಬೆಲ್ ಪಡೆದೋನು. ನೀರಲ್ಲಿ ಕರಗಿದ ಸಕ್ಕರೆ ತೆಳುವಾಗಿದ್ದಾಗ ಅನಿಲದ ಹಾಗೇ ನಡ್ಕೊಳ್ಳುತ್ತೆ, ಅದರ ಆಸ್ಮೋಟಿಕ್ ಒತ್ತಡ ಅನಿಲದ ಒತ್ತಡದ ಸೂತ್ರವನ್ನೇ ಪಾಲಿಸುತ್ತೆ ಅಂತ 1880ರ ದಶಕದಲ್ಲಿ ತೋರಿಸಿದ. ನೀರನ್ನ ಖಾಲಿ ಜಾಗ ಅಂದ್ಕೊಂಡ್ರೆ ಆಯ್ತು. ಹಾಗೆ ಅಂದ್ಕೊಳ್ಳೋದು ಸರಿನಾ ಅಂತ ಗಣಿತದಲ್ಲಿ ಗಟ್ಟಿ ಮಾಡಿದ್ದು 1945ರಲ್ಲಿ, ಮ್ಯಾಕ್‌ಮಿಲನ್ ಮತ್ತು ಜೋಸೆಫ್ ಮೇಯರ್. ಈ ಜೋಸೆಫ್ ಮೇಯರ್ ಜೊತೆ 1940ರಲ್ಲಿ ಈ ವಿಷಯದ ಪಠ್ಯಪುಸ್ತಕ ಬರೆದ ಹೆಂಡತಿ ಮರಿಯಾ ಗೆಪರ್ಟ್ ಮೇಯರ್ ಆಗ ವರ್ಷಗಟ್ಟಲೆ ಸಂಬಳ ಇಲ್ಲದೆ ಸಂಶೋಧನೆ ಮಾಡ್ತಿದ್ರು. 1963ರಲ್ಲಿ ಬೇರೆ ಕೆಲಸಕ್ಕೆ ನೊಬೆಲ್ ಬಂತು. ಬಾಕಿ ಸಂಬಳದ ಲೆಕ್ಕ ಯಾರೂ ಮಾಡಲಿಲ್ಲ.

ಅಳೆಯೋದು ಹೇಗೆ ಅನ್ನೋದಕ್ಕೆ ಉತ್ತರ ಬೆಳಕು. ದ್ರಾವಣದೊಳಗೆ ಬೆಳಕು ಬಿಟ್ಟರೆ ಅಣುಗಳು ಅದನ್ನ ಚದುರಿಸ್ತವೆ. ಅಣುಗಳು ತಳ್ಳಾಡ್ತಿದ್ರೆ ಸಮ ಅಂತರದಲ್ಲಿ ಹರಡಿಕೊಳ್ತವೆ, ಚದುರೋ ಬೆಳಕು ಲೆಕ್ಕಕ್ಕಿಂತ ಕಮ್ಮಿ. ಎಳೆದಾಡ್ತಿದ್ರೆ ಅಲ್ಲಲ್ಲಿ ಗುಂಪು, ಬೆಳಕು ಜಾಸ್ತಿ. ಸಾಂದ್ರತೆ ಏರಿಸ್ತಾ ಅಳೆದು ಗೀಟು ಎಳೆದ್ರೆ, ಆ ಗೀಟಿನ ಇಳಿಜಾರೇ ಬಿ22 ಹೇಳುತ್ತೆ. ಪ್ರಪಂಚ ಇದನ್ನ ಕಲಿತಿದ್ದು ಪೀಟರ್ ಡೆಬೈ ಅವರಿಂದ, 1944ರಲ್ಲಿ, ಯುದ್ಧಕಾಲದ ಕೃತಕ ರಬ್ಬರ್ ಅಧ್ಯಯನದ ಹೊತ್ತಲ್ಲಿ. ಆದ್ರೆ ಅದಕ್ಕೂ ಹದಿನೇಳು ವರ್ಷ ಮೊದಲು, 1927ರಲ್ಲಿ, ಕಲ್ಕತ್ತೆಯ ಸಿ.ವಿ. ರಾಮನ್ ಕಲಿಲ ದ್ರಾವಣಗಳು ಬೆಳಕು ಚದುರಿಸೋದಕ್ಕೂ ಅವುಗಳ ಆಸ್ಮೋಟಿಕ್ ಒತ್ತಡಕ್ಕೂ ಇರೋ ನಂಟಿನ ಬಗ್ಗೆ ಲೇಖನ ಬರೆದಿದ್ರು, ತಾವೇ ಆರಂಭಿಸಿದ್ದ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ. ನಮಗೆಲ್ಲ ರಾಮನ್ ಅಂದ್ರೆ 1928ರ ಫೆಬ್ರವರಿ 28, ಆಮೇಲೆ ಬೆಂಗಳೂರು. ಅದರ ಹಿಂದಿನ ವರ್ಷದ ಈ ಪುಟ್ಟ ಲೇಖನ ನೊಬೆಲ್ ನೆರಳಲ್ಲಿ ಮರೆಯಾಗಿದೆ. ನನ್ನ ಕಾಲಮ್ಮಿಗೆ ಅಂಕಿ ಕಳಿಸ್ತಿದ್ದ ಉಪಕರಣದ ವಂಶವೃಕ್ಷದಲ್ಲಿ ರಾಮನ್ ಇದ್ದಾರೆ ಅಂತ ನನಗೆ ಎಲ್ಲಿ ಗೊತ್ತು!

ಮೈನಸ್ಸಿಗೆ ಮರ್ಯಾದೆ ತಂದಿದ್ದು 1994ರ ಒಂದು ಲೇಖನ. ಪ್ರೋಟೀನಿನ ಆಕಾರ ಎಕ್ಸ್-ರೇಯಲ್ಲಿ ನೋಡಬೇಕಾದ್ರೆ ಮೊದಲು ಅದರ ಹರಳು ಬೇಕು. ಹರಳು ಕಟ್ಟಿಸೋದು ಆಗ ಹೆಚ್ಚುಕಡಿಮೆ ಅಡುಗೆಮನೆ ಅಂದಾಜು: ಈ ಉಪ್ಪು ಹಾಕಿ ನೋಡು, ಆ ಹುಳಿ ಹಾಕಿ ನೋಡು, ನೂರಾರು ಬಟ್ಟಲು ಇಟ್ಟು ಕಾಯಿ. ಅಮೆರಿಕದ ಮಿಸಿಸಿಪ್ಪಿಯಲ್ಲಿ ಜಾರ್ಜ್ ಮತ್ತು ವಿಲ್ಸನ್ ಅನ್ನೋರು, ಹರಳು ಕಟ್ಟುತ್ತೆ ಅಂತ ಮೊದಲೇ ಗೊತ್ತಿದ್ದ ಪ್ರೋಟೀನ್ ದ್ರಾವಣಗಳ ಬಿ22 ಅಳೆದು ನೋಡಿದ್ರು. ಹೆಚ್ಚುಕಡಿಮೆ ಎಲ್ಲವೂ ಒಂದು ಕಿರಿದಾದ ಕಿಂಡಿಯಲ್ಲಿ ಬಂದು ಕೂತವು: ಸುಮಾರು ಮೈನಸ್ 0.0001ರಿಂದ ಮೈನಸ್ 0.0008. ಇದಕ್ಕಿಂತ ಮೇಲಿದ್ರೆ ಅಣುಗಳು ಹತ್ತಿರವೇ ಬರಲ್ಲ. ತೀರಾ ಕೆಳಗಿದ್ರೆ ಹಾಲು ಒಡೆದ ಹಾಗೆ ಅಡ್ಡಾದಿಡ್ಡಿ ಮುದ್ದೆ. ನಡುವೆ ಮಾತ್ರ, ಹತ್ತಿರ ಬಂದು, ಸರಿಯಾದ ಜಾಗ ಹುಡುಕಿಕೊಂಡು ಸಾಲಾಗಿ ಕೂರೋಕೆ ಪುರುಸೊತ್ತು. ಕೋಳಿಮೊಟ್ಟೆಯ ಬಿಳಿ ಭಾಗದಲ್ಲಿರೋ ಲೈಸೋಝೈಮ್ ಅನ್ನೋ ಪ್ರೋಟೀನಿಗೆ ಅಡುಗೆ ಉಪ್ಪು ಹೆಚ್ಚಿಸ್ತಾ ಹೋದ್ರೆ ಬಿ22 ಪ್ಲಸ್ಸಿಂದ ಇಳಿದು ಈ ಕಿಂಡಿಗೆ ಬರುತ್ತೆ. ಅಣುಗಳ ಮೇಲೆ ಒಂದೇ ಜಾತಿಯ ವಿದ್ಯುತ್ ಇರೋದ್ರಿಂದ ತಳ್ಳಾಟ, ಉಪ್ಪು ಅದಕ್ಕೆ ಪರದೆ ಹಾಕುತ್ತೆ.

ಹರಳು ಬೇಕಾದವರಿಗೆ ಸ್ವಲ್ಪ ಮೈನಸ್ ಬೇಕು. ಇಂಜೆಕ್ಷನ್ ಮಾಡೋರಿಗೆ ಪ್ಲಸ್ ಬೇಕು. ಚರ್ಮದ ಕೆಳಗೆ ಚುಚ್ಚೋ ಆಂಟಿಬಾಡಿ ಔಷಧದಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ, ಕೆಲವದರಲ್ಲಿ ಇನ್ನೂ ಜಾಸ್ತಿ ಪ್ರೋಟೀನ್ ತುರುಕಬೇಕಾಗುತ್ತೆ, ಯಾಕಂದ್ರೆ ಚರ್ಮದ ಕೆಳಗೆ ಹೆಚ್ಚು ದ್ರವ ತುಂಬೋಕಾಗಲ್ಲ. ಅಷ್ಟು ಇಕ್ಕಟ್ಟಲ್ಲಿ ಸಣ್ಣ ಸೆಳೆತವೂ ಗಂಟಾಗಿ ಬೆಳೆಯಬಹುದು. ಹಾಗಂತ ಬಿ22 ಜಾತಕ ಅಲ್ಲ. ಅದು ತೆಳು ದ್ರಾವಣದಲ್ಲಿ ಇಬ್ಬಿಬ್ಬರ ನಡುವಿನ ಮಾತು ಅಷ್ಟೇ. ಇಕ್ಕಟ್ಟಲ್ಲಿ ಮೂವರು ನಾಲ್ವರ ಜಗಳ ಶುರುವಾಗುತ್ತೆ, ಓನ್ನೆಸ್‌ನ ಸಿ, ಡಿ ಗುಣಾಂಕಗಳು ಮಧ್ಯೆ ಬರ್ತವೆ. ಪ್ರೋಟೀನ್ ಮಡಿಕೆ ಬಿಚ್ಚಿಕೊಂಡು ಕೆಡೋದು ಬೇರೆಯೇ ಕಾಯಿಲೆ, ಅದನ್ನ ಈ ಅಂಕಿ ಹೇಳೋದೇ ಇಲ್ಲ.

ನನ್ನ ರೂಲ್ ತೆಗೆದೆ. ರಿಜೆಕ್ಟ್ ಟೇಬಲ್ಲಿನಲ್ಲಿ ಮುನ್ನೂರಕ್ಕೂ ಹೆಚ್ಚು ಸಾಲು ಬಿದ್ದಿದ್ದವು, ಪುಣ್ಯಕ್ಕೆ ಅಳಿಸಿರಲಿಲ್ಲ. ಮೂರು ರಾತ್ರಿ ಕೂತು ವಾಪಸ್ ಹಾಕಿದೆ. ಉಪ್ಪು, ಪಿಎಚ್, ತಾಪಮಾನ ಮೂರೂ ಇಲ್ಲದ ಬಿ22ಗೆ ಅರ್ಥ ಇಲ್ಲ ಅಂತ ಮೇಡಂ ಹೇಳಿದ್ದಕ್ಕೆ, ಆ ಮೂರೂ ಖಾಲಿ ಇದ್ರೆ ಮಾತ್ರ ಸಾಲನ್ನ ತಡೆಯೋ ಹೊಸ ರೂಲ್ ಬರೆದೆ. ಅವರು ಕೈಬಿಡಬೇಕಿದ್ದ ಎರಡು ಮಿಶ್ರಣ ಮುಂದಿನ ಹಂತಕ್ಕೆ ಹೋಗಿದ್ದವಂತೆ, ವಾಪಸ್ ಕರೆಸಿದ್ರು. ಲ್ಯಾಬ್ ಬಿಟ್ಟು ಹೊರಗೆ ಹೋಗಿರಲಿಲ್ಲ. ಅದನ್ನ ಕೇಳೋವರೆಗೂ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ, ಯಾಕಂದ್ರೆ ಅಂಥದ್ದೇ ಒಂದು ಇಂಜೆಕ್ಷನ್ ನಮ್ಮನೆ ಫ್ರಿಜ್ಜಲ್ಲೂ ಇದೆ. ಧಾರವಾಡದಲ್ಲಿ ನಮ್ಮ ಚಿಗವ್ವನಿಗೆ ಸಂಧಿವಾತ, ಹದಿನೈದು ದಿನಕ್ಕೊಮ್ಮೆ ತಗೋತಾಳೆ.

ಹೋದ ಸಲ ಊರಿಗೆ ಹೋದಾಗ ಪೆಟ್ಟಿಗೆ ಹಿಡ್ಕೊಂಡು ಕೇಳಿದಳು: "ತಮ್ಮಾ, ಇದನ್ನ ಅಲ್ಲಾಡಿಸಬ್ಯಾಡ್ರಿ ಅಂತ ಯಾಕ ಬರದಾರ?"

"ಒಳಗಿನ ಅಣು ಒಂದಕ್ಕೊಂದು ಅಂಟಿ ಗಂಟ ಆಗಬಾರ್ದು ಅಂತ, ಚಿಗವ್ವ."

"ಹಂಗಾರ ಅಂಟಲಾರ್ದಂಗ ಏನರ ಹಾಕಿರಬೇಕಲ್ಲ?"

"ಹಾಕ್ತಾರ. ಒಂದೊಂದರಾಗ ಉಪ್ಪು ಇರ್ತೈತಿ, ಒಂದೊಂದರಾಗ ಸಕ್ರಿ."

"ಸಕ್ರಿ? ನನಗ ಶುಗರ್ ಐತಿ ಅಂತ ಡಾಕ್ಟರ್‌ಗೆ ಗೊತ್ತಿಲ್ಲೇನು?"

ಚಿಟಿಕೆಯಷ್ಟೂ ಇರಲ್ಲ ಅಂತ ಒಪ್ಪಿಸೋಕೆ ಅರ್ಧ ಗಂಟೆ ಹಿಡೀತು.